ತಲೆಪೆಟ್ಟಿನ ರೋಗಿಗೆ ಕೂಲಿಂಗ್ ಬ್ಲಾಂಕೆಟ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಹೆದ್ದಾರಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಹಾವೇರಿ, ಗದಗದಿಂದಲೂ ಹುಬ್ಬಳ್ಳಿಗೆ ಕರೆತರುತ್ತಾರೆ. ಇವರ ಜ್ವರ ಹತೋಟಿಯಲ್ಲಿಡಲು ಇಲ್ಲಿನ ಐಸಿಯುಗಳಿಗೆ ನೀರು ಹರಿಯುವ ಕೂಲಿಂಗ್ ಬ್ಲಾಂಕೆಟ್ (ಮೈ ತಂಪಾಗಿಸುವ ಹಾಸು) ಕೊಳ್ಳಬೇಕಾದ ಯಂತ್ರವೇ. ಒದ್ದೆಬಟ್ಟೆ, ಐಸ್‌ಪ್ಯಾಕ್‌ನಿಂದ ಜ್ವರ ಇಳಿದು ಮತ್ತೆ ಏರುತ್ತದೆ. ಈ ಯಂತ್ರ 4ರಿಂದ 42 ಡಿಗ್ರಿವರೆಗಿನ ನೀರು ಹರಿಸಿ ಮೈಯನ್ನು 37ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಅದಕ್ಕಿಂತ ಕೆಳಗೆ ಇಳಿಸುವ ಆಸೆ ಬೇಡ. ತಲೆಪೆಟ್ಟಿನವರನ್ನು 32–35 ಡಿಗ್ರಿಗೆ ತಂಪಾಗಿಸಿದ ಯೂರೋಥರ್ಮ್ ಅಧ್ಯಯನದಲ್ಲಿ (2015) ಫಲಿತಾಂಶ ಕೆಟ್ಟದ್ದೇ ಆಯಿತು.

ಯಂತ್ರ ನಂಬುವುದು ಪ್ರೋಬನ್ನು (ಮೈಯೊಳಗಿಟ್ಟು ಉಷ್ಣತೆ ಅಳೆಯುವ ತಂತಿ) ಮಾತ್ರ. ಕಂಕುಳಿನ ಅಳತೆ ಸಾಲದು. ಮೆದುಳು ಮೈಗಿಂತ ಬಿಸಿಯಾಗಿರುವುದೇ ಹೆಚ್ಚು. ಅನ್ನನಾಳದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಪ್ರೋಬ್ ಇದ್ದರೆ ಛಲೋ. ಮೂತ್ರಕೋಶದ ಪ್ರೋಬ್ ಮೂತ್ರ ಕಡಿಮೆಯಾದಾಗ ತಪ್ಪು ತೋರಿಸುತ್ತದೆ, ಗುದದ್ದು ತಡವಾಗಿ ತೋರಿಸುತ್ತದೆ. ಪ್ರೋಬ್ ಜಾರಿ ಹೊರಬಂದರಂತೂ ರೋಗಿ ತಣ್ಣಗಾದನೆಂದು ತಿಳಿದು ಯಂತ್ರ ಬಿಸಿನೀರು ಹರಿಸಬಹುದು.

ದೊಡ್ಡ ತೊಂದರೆ ನಡುಕ. ನಡುಗುವ ಸ್ನಾಯು ಆಮ್ಲಜನಕ ತಿನ್ನುತ್ತದೆ, ತಲೆಯೊಳಗಿನ ಒತ್ತಡ ಏರಿಸುತ್ತದೆ. ತಂಪಾಗಿಸಿದ ಲಾಭವೆಲ್ಲ ಹೋಯಿತು. ಗಂಟೆಗೊಮ್ಮೆ ದವಡೆ, ಕುತ್ತಿಗೆ, ಎದೆಯ ಮೇಲೆ ಅಂಗೈ ಇಟ್ಟು ನೋಡಿ: ನಡುಕ ಇಲ್ಲದಿದ್ದರೆ 0, ಕುತ್ತಿಗೆ-ಎದೆಗಷ್ಟೇ ಇದ್ದರೆ 1, ತೋಳಿಗೆ ಬಂದರೆ 2, ಕಾಲಿಗೂ ಹಬ್ಬಿದರೆ 3. ಯಂತ್ರ ಶುರು ಮಾಡುವ ಮೊದಲೇ ಪ್ಯಾರಾಸಿಟಮಾಲ್ (ವಯಸ್ಕರಿಗೆ 1 ಗ್ರಾಂ, 6 ಗಂಟೆಗೊಮ್ಮೆ, 50 ಕೆಜಿಗಿಂತ ಕಡಿಮೆ ತೂಕ ಅಥವಾ ಲಿವರ್ ತೊಂದರೆ ಇದ್ದರೆ ಕಡಿಮೆ), ಕೈಕಾಲಿಗೆ ಬೆಚ್ಚನೆಯ ಗಾಳಿ. ನಡುಕ ನಿಲ್ಲದಿದ್ದರೆ ಮೆಗ್ನೀಸಿಯಂ, ಆಮೇಲೆ ಮಂಪರು ತರಿಸುವ ಡೆಕ್ಸ್‌ಮೆಡಿಟೊಮಿಡಿನ್ ಅಥವಾ ನೋವು ತಗ್ಗಿಸುವ ಫೆಂಟನಿಲ್. ಸ್ನಾಯು ಸಡಿಲಿಸುವ ಔಷಧಿ ಕಟ್ಟಕಡೆಯದು. ಅದು ಫಿಟ್ಸನ್ನೂ ಮರೆಮಾಚುತ್ತದೆ.

ಇನ್ನೊಂದನ್ನು ಬಹಳ ಕಡೆ ಯಾರೂ ಬರೆದಿಡುವುದಿಲ್ಲ: ನೀರಿನ ಉಷ್ಣತೆ. ಪರದೆಯಲ್ಲಿ ರೋಗಿ 37 ಇದ್ದರೂ ನೀರು 22ರಿಂದ 10ಕ್ಕೆ ಇಳಿಯುತ್ತಿದ್ದರೆ ಒಳಗೆ ಜ್ವರ ಏರುತ್ತಿದೆ, ಇಲ್ಲವೇ ನಡುಕ ಶುರುವಾಗಿದೆ. ಜ್ವರ ಕಾಣಲಿಲ್ಲವೆಂದು ಸುಮ್ಮನಿರದೆ ಕಫ, ರಕ್ತವನ್ನು ಕಲ್ಚರ್‌ಗೆ (ಸೋಂಕು ಪತ್ತೆಯ ಪರೀಕ್ಷೆ) ಕಳಿಸಿ. ತಲೆಯಲ್ಲಿ ಡ್ರೈನ್ (ಮೆದುಳಿನ ದ್ರವ ಹೊರಬಿಡುವ ಕೊಳವೆ) ಇದ್ದರೆ ಆ ದ್ರವವನ್ನೂ. ಗಂಟೆಯ ಚಾರ್ಟಿನಲ್ಲಿ ನೀರಿನ ಉಷ್ಣತೆಗೊಂದು ಕಾಲಂ ಬೇಕೇ ಬೇಕು.

ಟ್ಯಾಂಕಿಗೆ ಬೋರ್‌ವೆಲ್ಲಿನ ಸವಳು ನೀರು ಹಾಕಬೇಡಿ, ಪೈಪಿನಲ್ಲಿ ಸುಣ್ಣ ಕಟ್ಟುತ್ತದೆ. ಕೈಪಿಡಿ ಹೇಳಿದ ನೀರನ್ನೇ ಹಾಕಿ. ಕಂಪ್ರೆಸರ್ ಶುರುವಾಗಲು ಹೆಚ್ಚು ವಿದ್ಯುತ್ ಎಳೆಯುತ್ತದೆ, ಕರೆಂಟ್ ಹೋದಾಗ ಯುಪಿಎಸ್ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಬ್ಲಾಂಕೆಟ್ ಮೇಲೆ ತೆಳು ಹಾಸು ಹಾಕಿ, 2 ಗಂಟೆಗೊಮ್ಮೆ ಚರ್ಮ ನೋಡಿ. ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಓಡುತ್ತಿರುವವರಲ್ಲಿ ಹುಣ್ಣು ಬೇಗ ಆಗುತ್ತದೆ.

ಮನೆಯವರಿಗೆ ಮಾತ್ರ ಅತಿಯಾದ ಭರವಸೆ ಕೊಡಬಾರದು. ಪಾರ್ಶ್ವವಾಯು, ಮೆದುಳಿನ ರಕ್ತಸ್ರಾವದ ರೋಗಿಗಳ ಇಂಟ್ರೆಪಿಡ್ ಅಧ್ಯಯನದಲ್ಲಿ (2024) ಇಂಥ ಯಂತ್ರ ಜ್ವರ ತಗ್ಗಿಸಿತು, ಆದರೆ ರೋಗಿಗಳ ಚೇತರಿಕೆ ಹೆಚ್ಚಲಿಲ್ಲ. ಹಣ ಒಂದಕ್ಕೇ ಸಾಲುವಂತಿದ್ದರೆ, ರಾತ್ರಿ ಪಾಳಿಗೆ ಇನ್ನೊಬ್ಬ ತರಬೇತಾದ ನರ್ಸನ್ನು ಮೊದಲು ನೇಮಿಸಿ, ಯಂತ್ರ ಆಮೇಲೆ ತನ್ನಿ.