ಆಯಿಲ್ ಕೂಲರ್ ಹಾಕಿಸುವವರೇ, ಹಳೆಯ ಗ್ಯಾಸ್ಕೆಟ್ ಕಿತ್ತಿದ್ದಾರೆಯೇ ಎಂದು ಕಣ್ಣಾರೆ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ, ಬಿಡುವಿನ ದಿನಗಳಲ್ಲಿ ಸ್ವಂತ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು ಓಡಿಸುವ ಹುಚ್ಚು ಹಚ್ಚಿಕೊಂಡ ಕನ್ನಡಿಗರು ನನಗೆ ಗೊತ್ತಿರುವವರೇ ಆರೇಳು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಈ ಬೇಸಿಗೆಗೆ ಮುನ್ನ ತಮ್ಮ ಕಾರುಗಳಿಗೆ ಆಯಿಲ್ ಕೂಲರ್ ಹಾಕಿಸುವವರಿರುವುದರಿಂದ, ಕಳೆದ ಜುಲೈನಲ್ಲಿ ನನ್ನ ಎಂಜಿನ್ ಹೇಗೆ ಹಾಳಾಯಿತೆಂಬುದನ್ನು, ಅದರಲ್ಲಿ ನನ್ನ ಪಾಲಿನ ತಪ್ಪನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ನನ್ನದು 2010ರ ನಿಸ್ಸಾನ್ 370ಝಡ್. ಅದರ 3.7 ಲೀಟರ್ ವಿ6 ಎಂಜಿನ್ನಿನ ಆಯಿಲ್ ಟ್ರ್ಯಾಕಿನಲ್ಲಿ ಬೇಗ ಕಾಯುತ್ತದೆ. ಉಷ್ಣತೆ 280 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 138 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕಾರಿನ ಕಂಪ್ಯೂಟರ್ ತಾನಾಗಿಯೇ ಎಂಜಿನ್ನಿನ ವೇಗವನ್ನು ತಡೆಹಿಡಿಯುತ್ತದೆ. ಇದನ್ನು ನಾನು ದೋಷವೆನ್ನುವುದಿಲ್ಲ, ಎಂಜಿನ್ನನ್ನು ಉಳಿಸಿಕೊಳ್ಳುವ ಜಾಣತನವಷ್ಟೆ. ಆದರೆ ವಿಲೋಸ್ ಊರಿನ ಪಕ್ಕದ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ, ಮೂರು ಮೈಲಿಯ ಆ ಸುತ್ತಿನ 15 ತಿರುವುಗಳನ್ನು ಬೇಸಿಗೆಯ ಮಧ್ಯಾಹ್ನ ನಾಲ್ಕೈದು ಬಾರಿ ದಾಟುವಷ್ಟರಲ್ಲಿ ಮುಳ್ಳು ಆ ಗೆರೆಯ ಹತ್ತಿರ ಬಂದು ನಿಲ್ಲುತ್ತಿತ್ತು, ಓಡಿಸಲು ಸಿಕ್ಕ ಸರದಿಯಲ್ಲಿ ಉಳಿದ ಹತ್ತು ನಿಮಿಷ ನಾನು ಹಿಂದಿನವರಿಗೆ ದಾರಿ ಬಿಡುತ್ತಾ ತೆವಳಬೇಕಾಗುತ್ತಿತ್ತು. ಕೂಲರ್ ಬೇಕೇ ಬೇಕೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಕೂಲರ್ ಜೋಡಿಸುವ ಸಾಮಾನ್ಯ ವಿಧಾನ ಸರಳವಾಗಿದೆ. ಆಯಿಲ್ ಫಿಲ್ಟರನ್ನು ಬಿಚ್ಚಿ, ಎಂಜಿನ್ ಬ್ಲಾಕಿಗೂ ಫಿಲ್ಟರಿಗೂ ನಡುವೆ ಸ್ಯಾಂಡ್‌ವಿಚ್ ಪ್ಲೇಟ್ ಎನ್ನುವ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆಯನ್ನು ಕೂರಿಸುತ್ತಾರೆ. ಅದರಿಂದ ಹೊರಟ ಎರಡು ಹೋಸುಗಳು ಬಂಪರಿನ ಹಿಂದೆ ನಿಲ್ಲಿಸಿದ, ಪುಟ್ಟ ರೇಡಿಯೇಟರಿನಂತಿರುವ ಕೂಲರಿಗೆ ಹೋಗಿ ಬರುತ್ತವೆ. ಇಲ್ಲಿ ಮನಸ್ಸಿನಲ್ಲಿಡಬೇಕಾದ ಸಂಗತಿಯೆಂದರೆ, ಪಂಪು ತಳ್ಳಿದ ಆಯಿಲ್ ಬೇರಿಂಗುಗಳನ್ನು ತಲುಪುವ ಮೊದಲು ಈ ಪ್ಲೇಟನ್ನು ಹಾದೇ ಹೋಗಬೇಕು. ಎಂಜಿನ್ ಜೋರಾಗಿ ತಿರುಗುವಾಗ ಅಲ್ಲಿನ ಒತ್ತಡ ನಮ್ಮ ಟೈರಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟಿರುತ್ತದೆ. ಅಷ್ಟನ್ನೂ ತಡೆದಿಡುವುದು ಬಳೆಯಂಥ ಒಂದು ರಬ್ಬರ್ ಉಂಗುರ.

ಕೆಲಸವನ್ನು ನಾನು ಒಂದು ಗ್ಯಾರೇಜಿಗೆ ವಹಿಸಿದೆ. ಕಿಟ್ಟಿಗೂ ಕೂಲಿಗೂ ಸೇರಿ 1,100 ಡಾಲರ್ ಕೊಟ್ಟೆ. ಹೆಸರು ಹೇಳುವುದಿಲ್ಲ, ಏಕೆಂದರೆ ಇಂಥದ್ದು ಯಾವ ಗ್ಯಾರೇಜಿನಲ್ಲೂ ಆಗಬಹುದು. ಕಾರು ತಂದ ಮೊದಲ ವಾರದಲ್ಲೇ ಮನೆಯ ನೆಲದ ಮೇಲೆ ರೂಪಾಯಿ ಅಗಲದ ಒಂದು ಕಲೆ ಕಂಡಿತು. ಫೋನು ಮಾಡಿ ಕೇಳಿದರೆ, ಜೋಡಿಸುವಾಗ ಚೆಲ್ಲಿದ ಆಯಿಲ್, ಎಂಜಿನ್ನಿನ ಕೆಳಗೆ ಮುಚ್ಚಿರುವ ತಳದ ತಟ್ಟೆಯಲ್ಲಿ ನಿಂತು ಈಗ ತೊಟ್ಟಿಕ್ಕುತ್ತಿರಬೇಕೆಂದರು. ನಂಬಲು ಸುಲಭವಾದ ಮಾತು, ನಂಬಿದೆ. ಒರೆಸಿ, ರಟ್ಟು ಹಾಸಿ, ಮರುದಿನ ಮತ್ತೆ ತೊಟ್ಟು ಬಿದ್ದಿದೆಯೇ ಎಂದು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಥಂಡರ್‌ಹಿಲ್‌ನಲ್ಲಿ ಅಂದು ಬೆಳಗಿನ ಎರಡು ಸರದಿಗಳು ಸೊಗಸಾಗಿ ಹೋದವು. ಆಯಿಲ್ 230 ಡಿಗ್ರಿ ಫ್ಯಾರನ್‌ಹೀಟ್ ದಾಟಲಿಲ್ಲ, ನಾನು ಗೆಳೆಯರೆದುರು ಸ್ವಲ್ಪ ಮೆರೆದದ್ದೂ ಉಂಟು. ಮೂರನೆಯ ಸರದಿಯ ನಾಲ್ಕನೆಯ ಸುತ್ತಿನಲ್ಲಿ, ನೇರದಾರಿಯ ಕೊನೆಗೆ ಬರುವಾಗ ಕನ್ನಡಿಯ ತುಂಬ ಬಿಳಿ ಹೊಗೆ ಕಂಡಿತು. ತಿರುವಿನಲ್ಲಿದ್ದ ಕಾರ್ಯಕರ್ತ, ಟ್ರ್ಯಾಕಿನಿಂದ ಹೊರಬಾ ಎನ್ನುವ ಕಪ್ಪು ಬಾವುಟ ಹಿಡಿದು ನನ್ನತ್ತಲೇ ಬೊಟ್ಟು ಮಾಡುತ್ತಿದ್ದ. ಅದೇ ಗಳಿಗೆಗೆ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿತು. ಅಲ್ಲೇ ಎಂಜಿನ್ ಆರಿಸಿ, ಓಡುವ ದಾರಿಯಿಂದ ಬದಿಗೆ ಸರಿದು ಹುಲ್ಲಿನ ಮೇಲೆ ನಿಲ್ಲಬೇಕಿತ್ತು. ನಾನು ಕಾರುಗಳು ನಿಲ್ಲುವ ಪಿಟ್ ತನಕ ಹೋಗಿಬಿಡೋಣವೆಂದು ಓಡಿಸಿದೆ. ಬೇರಿಂಗುಗಳು ಸತ್ತದ್ದು ಆ ಅರ್ಧ ನಿಮಿಷದಲ್ಲಿ; ಜೊತೆಗೆ ಟ್ರ್ಯಾಕಿನ ಮೇಲೆ ಆಯಿಲ್ ಗೆರೆ ಎಳೆದುಕೊಂಡು ಹೋದದ್ದರಿಂದ ನನ್ನ ಹಿಂದಿದ್ದವನೊಬ್ಬ ಗಿರಕಿ ಹೊಡೆದು ಹೊರಬಿದ್ದ. ಅವನಿಗೆ ಏನೂ ಆಗದಿದ್ದುದು ನನ್ನ ಪುಣ್ಯ.

ಬೇರೊಬ್ಬ ಮೆಕ್ಯಾನಿಕ್ ಪ್ಲೇಟನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಲಾಕಿನ ಮುಖಕ್ಕೆ ಕಪ್ಪು ಉಂಗುರವೊಂದು ಅಂಟಿಕೊಂಡಿತ್ತು: ಚಪ್ಪಟೆಯಾಗಿ, ಹೊಳಪೇರಿ, ಉಗುರು ಊರಿದರೂ ಕುಳಿ ಬೀಳದಷ್ಟು ಗಟ್ಟಿ. ಅದು ಹಿಂದೆ ಬಿಚ್ಚಿದ ಫಿಲ್ಟರಿನ ಗ್ಯಾಸ್ಕೆಟ್. ಫಿಲ್ಟರ್ ಕೈಗೆ ಬಂದಿದೆ, ಅದರ ರಬ್ಬರ್ ಬ್ಲಾಕಿನಲ್ಲೇ ಉಳಿದಿದೆ, ಯಾರೂ ನೋಡದೆ ಅದರ ಮೇಲೆಯೇ ಪ್ಲೇಟಿನ ಹೊಸ ಓ-ರಿಂಗನ್ನು ಕೂರಿಸಿ ಬಿಗಿದಿದ್ದಾರೆ. ಹೊಸದು ಒಂದು ಬದಿಯಲ್ಲಿ ನಾಲಿಗೆಯಂತೆ ಹೊರಚಾಚಿತ್ತು. ರಬ್ಬರಿನ ಮೇಲೆ ರಬ್ಬರ್ ಕೂತರೆ ಪೇಟೆಯ ಓಡಾಟಕ್ಕೆ ವಾರಗಟ್ಟಲೆ ತಾಳಿಕೊಂಡೀತು. ಟ್ರ್ಯಾಕಿನ ಬಿಸಿಯೂ ಒತ್ತಡವೂ ಒಟ್ಟಿಗೆ ಬಿದ್ದಾಗ ಜಾರಿ ಹೊರಬರುತ್ತದೆ.

ಟ್ರ್ಯಾಕಿನಲ್ಲಿ ಓಡಿಸಿದ ಕಾರಿಗೆ ತಮ್ಮ ಹೊಣೆಯಿಲ್ಲವೆಂದು ರಸೀದಿಯ ಹಿಂಬದಿಯ ಸಾಲೊಂದನ್ನು ಮೊದಲ ಗ್ಯಾರೇಜಿನವರು ತೋರಿಸಿದರು. ಟ್ರ್ಯಾಕಿಗೆಂದೇ ಮಾಡಿಸಿದ ಕೆಲಸಕ್ಕೆ ಈ ಉತ್ತರ! ಹಣ ಕೊಡುವ ಮುನ್ನ ಆ ಸಾಲನ್ನು ಓದಿಕೊಳ್ಳಿ. ಬಳಸಿದ ಎಂಜಿನ್ ಒಂದನ್ನು ಹುಡುಕಿ ಹಾಕಿಸಲು ನನಗೆ 6,000 ಡಾಲರಿಗಿಂತ ಹೆಚ್ಚು ಖರ್ಚಾಯಿತು. ನಾಲ್ಕೇ ತಿಂಗಳ ಕೂಲರನ್ನಾದರೂ ಉಳಿಸಿಕೊಳ್ಳೋಣವೆಂದರೆ ಎರಡನೆಯ ಮೆಕ್ಯಾನಿಕ್ ಒಪ್ಪಲಿಲ್ಲ. ಸವೆದ ಬೇರಿಂಗಿನ ಲೋಹದ ಚೂರುಗಳು ಕೂಲರಿನ ಸಣ್ಣ ಕೊಳವೆಗಳಲ್ಲಿ ಸೇರಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅವು ಹೊಸ ಎಂಜಿನ್ನಿಗೂ ಇಳಿಯುತ್ತವೆ ಎಂದ. ಅವನ ಮಾತು ಸರಿ. ಕೂಲರನ್ನೂ ಹೋಸುಗಳನ್ನೂ ಎಸೆದೆ.

ಹಳೆಯದನ್ನು ಬಿಚ್ಚುವಾಗ ಇನ್ನೊಂದು ಕೊರತೆಯೂ ತಿಳಿಯಿತು. ಆ ಪ್ಲೇಟಿನಲ್ಲಿ ಥರ್ಮೋಸ್ಟಾಟ್ ಇರಲೇ ಇಲ್ಲ. ಥರ್ಮೋಸ್ಟಾಟ್ ಇದ್ದರೆ ಆಯಿಲ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಆಗುವ ತನಕ ಬಹುಪಾಲು ಕೂಲರಿಗೆ ಹೋಗದೆ ಹಿಂದಿರುಗುತ್ತದೆ. ಇಲ್ಲದಿದ್ದರೆ ತಂಪು ಬೆಳಗುಗಳಲ್ಲಿ ಆಫೀಸು ಮುಟ್ಟಿದರೂ ಆಯಿಲ್ ಬೆಚ್ಚಗಾಗದೆ, ಅದರಲ್ಲಿ ಸೇರಿದ ನೀರಿನ ಪಸೆ ಆರದೆ ಉಳಿಯುತ್ತದೆ. ದಿನವೂ ರಸ್ತೆಯಲ್ಲಿ ಓಡುವ ಕಾರಿಗೆ ಥರ್ಮೋಸ್ಟಾಟ್ ಇಲ್ಲದ ಪ್ಲೇಟನ್ನು ಒಪ್ಪಿಕೊಳ್ಳಬೇಡಿ.

ಈ ಕಾರಿನ ಡ್ಯಾಶ್‌ಬೋರ್ಡಿನ ನಡುವೆ ಆಯಿಲ್ ಉಷ್ಣತೆಗೆ, ಬ್ಯಾಟರಿಯ ವೋಲ್ಟೇಜಿಗೆ, ಕೊನೆಗೆ ಗಡಿಯಾರಕ್ಕೂ ಒಂದೊಂದು ಗುಂಡಗಿನ ಮಾಪಕವಿದೆ. ಆಯಿಲ್ ಒತ್ತಡಕ್ಕೆ ಮಾತ್ರ ಇಲ್ಲ. ಕೆಂಪು ದೀಪವೋ ಒತ್ತಡ ತೀರಾ ಕುಸಿದ ಮೇಲೆ ಹೊತ್ತುವಂಥದ್ದು. ನಾನೀಗ ಗಡಿಯಾರ ತೆಗೆಸಿ ಅಲ್ಲಿ ಒತ್ತಡದ ಮಾಪಕ ಹಾಕಿಸಿದ್ದೇನೆ.

ನೀವು ಗ್ಯಾರೇಜಿಗೆ ಹೋಗುವುದಾದರೆ, ಬಿಚ್ಚಿದ ಹಳೆಯ ಫಿಲ್ಟರನ್ನು ಕೈಗೆ ಕೊಡಲು ಹೇಳಿ, ಅದರ ಬಾಯಲ್ಲಿ ಗ್ಯಾಸ್ಕೆಟ್ ಇದೆಯೇ ನೋಡಿ. ಇಲ್ಲವಾದರೆ ಅದು ಬ್ಲಾಕಿನಲ್ಲಿದೆ. ಬ್ಲಾಕಿನ ಮುಖವನ್ನು ಒರೆಸಿ ಫೋಟೋ ತೆಗೆದ ಮೇಲೆಯೇ ಪ್ಲೇಟ್ ಕೂರಲಿ, ನಡುವಿನ ಬೋಲ್ಟನ್ನು ಅಂದಾಜಿಗೆ ಬಿಗಿಯದೆ ಟಾರ್ಕ್ ರೆಂಚಿನಿಂದ ಬಿಗಿಯಲಿ. ಕೂಲರಿಗೂ ಹೋಸಿಗೂ ತುಂಬಿಕೊಂಡಷ್ಟು ಆಯಿಲ್ ಹೆಚ್ಚು ಬೇಕಾಗುವುದರಿಂದ, ಎಂಜಿನ್ ಓಡಿಸಿ ಆರಿಸಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಿ. ಟ್ರ್ಯಾಕಿನ ಮೊದಲ ಸರದಿ ಮುಗಿದು ಕಾರು ತಣಿದ ಮೇಲೆ ತಳದ ತಟ್ಟೆ ಬಿಚ್ಚಿ, ಪ್ಲೇಟಿನ ಸುತ್ತ ಬಿಳಿ ಬಟ್ಟೆಯೊಂದನ್ನು ಆಡಿಸಿ. ಬಟ್ಟೆಗೆ ಆಯಿಲ್ ಹತ್ತಿದರೆ ಅಂದಿನ ಎರಡನೆಯ ಸರದಿಗೆ ಇಳಿಯಬೇಡಿ.