ನ್ಯಾನೊವಿಎನ್‌ಎ: ದುರ್ಗದ ಆಷಾಢದ ಗಾಳಿ ಕಂಡ ಮೇಲೆ ಬರೆದದ್ದು

ನ್ಯಾನೊವಿಎನ್‌ಎ ಅಂದರೆ ನನ್ನಂಥ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಆಂಟೆನಾ ಅಳೆಯೋ ಪುಟ್ಟ ಡಬ್ಬಿ. ಮೊದಲು ಸಿಟ್ಟು ತರಿಸಿದ್ದನ್ನೇ ಹೇಳಿಬಿಡ್ತೀನಿ. ಈ ಡಬ್ಬಿಯ ಪರದೆ ಬಿಸಿಲಲ್ಲಿ ಕಾಣಲ್ಲ. ಆಂಟೆನಾ ಇರೋದು ಮಾಳಿಗೆ ಮೇಲೆ, ಅದನ್ನು ಅಳೆಯೋ ಡಬ್ಬಿಗೆ ನೆರಳು ಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ತಲೆ ಮೇಲೆ ಟವೆಲ್ ಹೊದ್ದು, ಅದರೊಳಗೆ ಡಬ್ಬಿ ಹಿಡಿದು, 2.8 ಇಂಚಿನ ಪರದೆಯಲ್ಲಿ ಎಳ್ಳುಕಾಳಿನಷ್ಟು ಅಕ್ಷರ ಓದಬೇಕು. ಬೆವರಿದ ಬೆರಳಿಗೆ ಟಚ್ ಕೂಡ ಸರಿಯಾಗಿ ಓಗೊಡಲ್ಲ. ಮೇಲಿರೋ ಪುಟ್ಟ ಗುಂಡಿಯನ್ನು ಉಗುರಲ್ಲಿ ಆ ಕಡೆ ಈ ಕಡೆ ತಳ್ಳಿ ಮೆನು ಹುಡುಕಬೇಕು.

ಎರಡನೇ ತಕರಾರು ಕನೆಕ್ಟರಿನದು. ಇದರಲ್ಲಿರೋದು ಎಸ್‌ಎಂಎ, ತಿರುಗಿಸಿ ಹಾಕೋ ಪುಟ್ಟ ಕನೆಕ್ಟರ್. ದಿನಾ ಬಿಚ್ಚಿ ಹಾಕೋದಕ್ಕೆ ಮಾಡಿದ ಸಾಮಾನಲ್ಲ ಅದು. ನನಗೆ ಬಂದ ಡಬ್ಬಿಯಲ್ಲಿ ಮೊದಲ ಪೋರ್ಟಿನ ಬೆಸುಗೆ ಕೆಲವೇ ತಿಂಗಳಲ್ಲಿ ಸಡಿಲವಾಯ್ತು. ಕೇಬಲ್ ಮುಟ್ಟಿದರೆ ಗೆರೆ ಕುಣಿಯೋದು. ಕಳಿಸಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನಾನೇ ಬಿಚ್ಚಿ ಬೆಸುಗೆ ಹಾಕಿಕೊಂಡೆ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸ ಇಲ್ಲದವರು ಏನು ಮಾಡಬೇಕು?

ಇಷ್ಟೆಲ್ಲ ಆದರೂ ಇದನ್ನು ಮಾರಿಲ್ಲ, ಮಾರೋದೂ ಇಲ್ಲ. ನನ್ನದು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಷ್ಟು ದುಡಿಮೆ, ಮಳೆ ಹಿಡಿಯಿತೆಂದರೆ ಕೈ ಬಿಗಿ. ಪ್ರಯೋಗಾಲಯದ ವೆಕ್ಟರ್ ನೆಟ್‌ವರ್ಕ್ ಅನಲೈಜರ್ (ವಿಎನ್‌ಎ) ಅಂದರೆ ಲಕ್ಷಗಳ ಮಾತು. ಜಪಾನಿನ ಹವ್ಯಾಸಿಯೊಬ್ಬರು ತಮ್ಮ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು, ಚೀನಾದಲ್ಲಿ ಅದನ್ನು ತಿದ್ದಿ 2019ರಿಂದ ರಾಶಿಗಟ್ಟಲೆ ಮಾಡತೊಡಗಿದರು. ಹಾಗಾಗಿ ಅಂಥದೊಂದು ಯಂತ್ರ ಐದು ಸಾವಿರದೊಳಗೆ ನನ್ನ ಜೇಬಿಗೆ ಬಂತು. ಆ ಪುಣ್ಯಾತ್ಮನಿಗೆ ಮನಸ್ಸಲ್ಲೇ ಕೈ ಮುಗಿದಿದ್ದೀನಿ.

ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಮುಳ್ಳಿನ ಎಸ್‌ಡಬ್ಲ್ಯುಆರ್ ಮೀಟರ್ ಒಂದೇ, ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತೆ ಅಂತ ತೋರಿಸೋದು. ಅದು ಓದಬೇಕಾದರೆ ರಿಗ್ (ರೇಡಿಯೊ ಸೆಟ್) ಒತ್ತಿ ಪವರ್ ಬಿಡಬೇಕು, ಬ್ಯಾಂಡ್ ಮೇಲೆ ಯಾರೋ ಮಾತಾಡ್ತಿರೋವಾಗ ನಡುವೆ ಕೂಗಬೇಕು. ಅಷ್ಟು ಮಾಡಿದರೂ ಮೂರು ಅಂತ ತೋರಿಸಿ ಸುಮ್ಮನಾಗುತ್ತೆ. ಮೂರು ಅಂದರೆ ಕಳಿಸಿದ್ದರಲ್ಲಿ ಕಾಲುಭಾಗ ವಾಪಸ್. ಸರಿ, ಆದರೆ ತಂತಿ ಉದ್ದ ಆಯ್ತಾ, ಗಿಡ್ಡ ಆಯ್ತಾ? ಅದನ್ನು ಹೇಳಲ್ಲ. ನ್ಯಾನೊವಿಎನ್‌ಎ ಹೇಳುತ್ತೆ. ಪರದೆ ಮೇಲೆ ಗೆರೆ ಎಲ್ಲಿ ತಗ್ಗಿಗೆ ಇಳಿದಿದೆಯೋ ಅಲ್ಲಿ ಆಂಟೆನಾ ಅನುರಣಿಸ್ತಿದೆ. ನನಗೆ ಬೇಕಾದ್ದು 7.1 ಮೆಗಾಹರ್ಟ್ಸ್. ತಗ್ಗು 6.9ರಲ್ಲಿ ಇದ್ದರೆ ತಂತಿ ಉದ್ದ, ಕತ್ತರಿಸು. 7.3ರಲ್ಲಿ ಇದ್ದರೆ ಗಿಡ್ಡ, ಸೇರಿಸು. ಇದು ಬಿಡೋ ಪವರ್ ಒಂದು ಮಿಲಿವ್ಯಾಟ್ ಕೂಡ ಇಲ್ಲ, ಯಾರ ಮಾತಿಗೂ ಅಡ್ಡಿಯಿಲ್ಲ. ನಮ್ಮ ಅಂಗಡಿ ಹುಡುಗ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್‌ಗೆ ಕಾಯ್ತಿದ್ದಾನೆ. ಅವನ 145 ಮೆಗಾಹರ್ಟ್ಸಿನ ಕಾಲು ತರಂಗದ ಕಡ್ಡಿ ಆಂಟೆನಾ, ಸುಮಾರು ಅರ್ಧ ಮೀಟರಿನದು, ಈಗಲೇ ಅಳೆದು ಕತ್ತರಿಸಿ ಸಿದ್ಧವಾಗಿ ಕೂತಿದೆ. "ಅಣ್ಣಾ, ತಗ್ಗು ಬಂತು ನೋಡ್ರಿ, ಸರಿಯಾಗಿ ನಡುವಿಗೇ ಬಂತು" ಅಂತ ಕುಣಿದ ಅವನ ಮುಖ ನೋಡಿದ ಮೇಲೆ ಪರದೆ ಮೇಲಿನ ನನ್ನ ಸಿಟ್ಟು ಅರ್ಧ ಇಳೀತು.

ಇನ್ನರ್ಧ ಇಳಿಸಿದ್ದು ಕ್ಯಾಲಿಬ್ರೇಷನ್, ಅಂದರೆ ಅಳೆಯೋ ಮುಂಚೆ ಡಬ್ಬಿಯನ್ನು ಸರಿಹೊಂದಿಸೋದು. ಇದನ್ನು ಕಾಟ ಅಂತ ಬೈಯೋರೇ ಹೆಚ್ಚು, ನನಗೆ ಮಾತ್ರ ಅದೇ ಇಷ್ಟ. ಅಂಗಡಿ ಬಾಗಿಲು ಹಾಕಿ, ಕೈಗೆ ಹತ್ತಿದ ವಾರ್ನಿಷ್ ತೊಳೆದು, ಟೀ ಕುಡಿದು ಕೂರ್ತೀನಿ. ಅಳೆಯಬೇಕಾದ ಬ್ಯಾಂಡ್ ಮೊದಲು ಹಾಕೋದು, 6.8ರಿಂದ 7.4 ಮೆಗಾಹರ್ಟ್ಸ್. ಇಲ್ಲೊಂದು ಮುಖ್ಯ ವಿಷಯ: ನನ್ನ ಈ ಚಿಕ್ಕ ಡಬ್ಬಿ ಒಂದು ಓಟಕ್ಕೆ 101 ಬಿಂದುಗಳನ್ನು ಮಾತ್ರ ನೋಡುತ್ತೆ. 1ರಿಂದ 30 ಮೆಗಾಹರ್ಟ್ಸ್ ಹಾಕಿದರೆ ಬಿಂದುವಿನಿಂದ ಬಿಂದುವಿಗೆ 290 ಕಿಲೋಹರ್ಟ್ಸ್. ನಮ್ಮ 40 ಮೀಟರ್ ಬ್ಯಾಂಡ್ (ತರಂಗದ ಉದ್ದದಿಂದ ಬಂದ ಹೆಸರು) ಇರೋದೇ 7.0ರಿಂದ 7.2, ಅಂದರೆ ಇಡೀ ಬ್ಯಾಂಡೇ ಎರಡು ಬಿಂದುಗಳ ನಡುವೆ ನುಸುಳಿ ಹೋಗಬಹುದು. 6.8ರಿಂದ 7.4 ಹಾಕಿದರೆ ಹೆಜ್ಜೆ ಬರೀ 6 ಕಿಲೋಹರ್ಟ್ಸ್. ಆಮೇಲೆ ಹಳೆಯದನ್ನು ರಿಸೆಟ್ ಮಾಡಿ, ಓಪನ್ (ಖಾಲಿ ತುದಿ), ಶಾರ್ಟ್ (ನಡುಪಿನ್ ಮೈಗೆ ಸೇರಿದ್ದು), ಲೋಡ್ (50 ಓಮ್) ಅನ್ನೋ ಮೂರು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ಹಾಕೋದು. ಪ್ರತಿಯೊಂದಕ್ಕೂ ಗೆರೆ ನೆಲೆಗೊಳ್ಳೋವರೆಗೆ ಒಂದು ಕ್ಷಣ ಕಾದು ಒತ್ತೋದು. ಕೊನೆಗೆ ಮೆನುವಲ್ಲಿ ಡನ್, ಸೇವ್ ಸೊನ್ನೆ ಒತ್ತೋದು. ಲೋಡ್ ಹಾಗೇ ಬಿಟ್ಟು ಸ್ಮಿತ್ ಚಾರ್ಟ್, ಅಂದರೆ ನಡುವೆ 50 ಓಮ್ ಇರೋ ದುಂಡು ನಕ್ಷೆ, ನೋಡಿದರೆ ಗೆರೆಯೆಲ್ಲ ಮುದುಡಿ ಚಾರ್ಟಿನ ಮಧ್ಯದಲ್ಲಿ ಒಂದೇ ಚುಕ್ಕಿಯಾಗಿ ಕೂತಿರುತ್ತೆ. ಆ ಚುಕ್ಕಿ ಅಲ್ಲಾಡದೆ ಕೂತರೆ ಆ ಸಂಜೆಯ ಅಳತೆಯನ್ನು ನಂಬಬಹುದು.

ಡಬ್ಬಿ ಜೊತೆ ಬರೋ ಮೂರು ತುಂಡು ಎಸ್‌ಎಂಎಗೆ ಸರಿ. ನನ್ನ ಆಂಟೆನಾ ಕೇಬಲ್ಲಿನ ತುದಿಯಲ್ಲಿರೋದು ಪಿಎಲ್-259 ಅನ್ನೋ ದಪ್ಪ ಪ್ಲಗ್. ಅದಕ್ಕೆ ಅದೇ ಮಾದರಿಯ ಮೂರು ಪ್ಲಗ್ ತಗೊಂಡು ನಾನೇ ಮಾಡಿಕೊಂಡೆ: ಒಂದು ಖಾಲಿ, ಒಂದರಲ್ಲಿ ನಡುಪಿನ್ನನ್ನು ಮೈಗೆ ಸೇರಿಸಿ ಬೆಸುಗೆ, ಇನ್ನೊಂದರಲ್ಲಿ 100 ಓಮಿನ ಎರಡು ಮೆಟಲ್ ಫಿಲ್ಮ್ ರೆಸಿಸ್ಟರ್ ಅಕ್ಕಪಕ್ಕ, ಸೇರಿ 50 ಓಮ್. ಕಾಲುಗಳನ್ನು ಆದಷ್ಟೂ ಗಿಡ್ಡ ಕತ್ತರಿಸಬೇಕು. 30 ಮೆಗಾಹರ್ಟ್ಸ್‌ವರೆಗೆ ಇವು ಧಾರಾಳ ಸಾಕು. 145ಕ್ಕೆ ಮಾತ್ರ ಎಸ್‌ಎಂಎ ತುಂಡುಗಳೇ ಬೇಕು.

ಈಗ ಗಾಳಿಯ ವಿಷಯ. ನನ್ನ 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವೆ ಕೇಬಲ್ ಸೇರೋ ಎರಡು ತೋಳಿನ ತಂತಿ ಆಂಟೆನಾ) ಕಟ್ಟಿರೋದು ಅಂಗಡಿಯ ವೈಂಡಿಂಗ್ ತಾಮ್ರದಲ್ಲೇ, ಕೈಗೆ ಸಿಕ್ಕಿದ್ದು ಅದು. 7.1 ಮೆಗಾಹರ್ಟ್ಸಿಗೆ ಒಟ್ಟು ಉದ್ದ ಸುಮಾರು 20 ಮೀಟರ್. ಯುಗಾದಿ ಹೊತ್ತಿಗೆ ತಗ್ಗನ್ನು 7.1ಕ್ಕೆ ತಂದು ನಿಲ್ಲಿಸಿದ್ದೆ. ಆಷಾಢ ಬಂತು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಇಲ್ಲಿ ಆಷಾಢದಲ್ಲಿ ಒಣಹಾಕಿದ ಬಟ್ಟೆ ಪಕ್ಕದ ಬೀದಿಗೆ ಹೋಗಿರುತ್ತೆ. ಆ ತಿಂಗಳೆಲ್ಲ ಸಂಜೆ ಸಂಜೆ ಡಬ್ಬಿ ಸಿಕ್ಕಿಸಿ ನೋಡಿದೆ. ತಂತಿ ಓಲಾಡಿದಂತೆ ಪರದೆಯ ತಗ್ಗೂ ಸ್ವಲ್ಪ ಸ್ವಲ್ಪ ಓಲಾಡೋದು! ಗಾಳಿ ನಿಂತರೆ ಅದೂ ನಿಲ್ಲೋದು. ಆದರೆ ನಿಲ್ಲೋ ಜಾಗ ಮಾತ್ರ ವಾರ ವಾರಕ್ಕೂ ಕೆಳಗೆ. ಶ್ರಾವಣ ಬರೋ ಹೊತ್ತಿಗೆ 7.04. ಲೆಕ್ಕ ಹಾಕಿದರೆ ತಂತಿ 17 ಸೆಂಟಿಮೀಟರ್ ಬೆಳೆದಿರಬೇಕು. ಇಳಿಸಿ ಟೇಪ್ ಹಿಡಿದೆ, ಹೆಚ್ಚುಕಮ್ಮಿ ಅಷ್ಟೇ ಬಂತು. ವೈಂಡಿಂಗ್ ತಾಮ್ರ ಕಾಯಿಸಿ ಮೆದು ಮಾಡಿದ್ದು, ಗಾಳಿ ಜಗ್ಗಿದಷ್ಟೂ ಬೆಳೆಯುತ್ತೆ ಅನ್ನೋದು ಪುಸ್ತಕದಲ್ಲಿ ಓದಿದ್ದ ಮಾತು. ಅದನ್ನು ನನ್ನದೇ ಮಾಳಿಗೆ ಮೇಲೆ, ನನ್ನದೇ ತಂತಿಯಲ್ಲಿ, ಕಿಲೋಹರ್ಟ್ಸ್ ಲೆಕ್ಕದಲ್ಲಿ ಕಂಡ ಖುಷಿ ಹೇಳತೀರದು. ದಾವಣಗೆರೆಯ ಹಿರಿಯ ಹ್ಯಾಮ್ ಒಬ್ಬರು ರೇಡಿಯೊದಲ್ಲೇ ಉಪಾಯ ಹೇಳಿದರು: "ತಂತಿ ಬಿಗಿದು ಕಟ್ಟಬೇಡ್ರಿ, ಒಂದು ತುದಿಗೆ ರಾಟೆ ಹಾಕಿ ಭಾರ ಇಳಿಬಿಡ್ರಿ." ಹಳೇ ಬಾವಿ ರಾಟೆ, ಮರಳು ತುಂಬಿದ ಪೇಂಟ್ ಡಬ್ಬ. ತಂತಿಯನ್ನೂ ಮೊದಲೇ ಚೆನ್ನಾಗಿ ಜಗ್ಗಿ ಆಮೇಲೆ ಕತ್ತರಿಸಿದೆ. ಮುಂದಿನ ಆಷಾಢದಲ್ಲಿ ತಗ್ಗು ಕದಲಲಿಲ್ಲ.

ಕೋತಿಗಳನ್ನು ಹಿಡಿದುಕೊಟ್ಟದ್ದೂ ಇದೇ. ಕೋಟೆ ಕಡೆಯಿಂದ ಬರೋ ಹಿಂಡು ಮಾಳಿಗೆ ಮೇಲಿನ ಏನನ್ನೂ ಬಿಡಲ್ಲ. ಒಮ್ಮೆ ಮಳೆ ಬಂದ ಮೇಲೆ ಗೆರೆಯೆಲ್ಲ ಎಡವಟ್ಟು. ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮ್ ಅಂತ ಒಂದು ಮೆನು ಇದೆ. ಕೇಬಲ್ಲಿನ ವೇಗಾಂಶ (ಬೆಳಕಿನ ವೇಗದಲ್ಲಿ ಎಷ್ಟು ಪಾಲು ವೇಗದಲ್ಲಿ ತರಂಗ ಅದರೊಳಗೆ ಓಡುತ್ತೆ ಅಂತ), ಆರ್‌ಜಿ-58 ಜಾತಿಯ ಕೇಬಲ್ಲಿಗೆ 66 ಶೇಕಡ, ಕೊಟ್ಟರೆ ತರಂಗ ಎಷ್ಟು ದೂರದಲ್ಲಿ ಎಡವಿ ವಾಪಸ್ ಬಂತು ಅಂತ ಉಬ್ಬಿನ ರೂಪದಲ್ಲಿ ತೋರಿಸುತ್ತೆ. ಉಬ್ಬು ಇದ್ದದ್ದು ಆಂಟೆನಾ ಹತ್ತಿರ ಅಲ್ಲ, ಪ್ಯಾರಪೆಟ್ ಗೋಡೆ ದಾಟೋ ಜಾಗದಲ್ಲಿ. ಹೋಗಿ ನೋಡಿದರೆ ಕೇಬಲ್ಲಿನ ಕಪ್ಪು ಸಿಪ್ಪೆ ಮೇಲೆ ಹಲ್ಲಿನ ಗುರುತು. ಸೀಳಿ ನೋಡಿದೆ, ಒಳಗಿನ ಜಾಲರಿ ನೀರು ಕುಡಿದು ಹಸಿರುಗಟ್ಟಿತ್ತು. ಇಡೀ ಕೇಬಲ್ ಬದಲಿಸೋ ಖರ್ಚು ತಪ್ಪಿತು.

ಅಂಗಡಿಯಲ್ಲೂ ಕೆಲಸಕ್ಕೆ ಬರುತ್ತೆ. ಆಂಟೆನಾಗೆ 49:1 ಟ್ರಾನ್ಸ್‌ಫಾರ್ಮರ್ ಸುತ್ತಿದಾಗ ಅದರ ಔಟ್‌ಪುಟ್ ಕಡೆಗೆ 2.2 ಕಿಲೋಓಮ್ ಮತ್ತು 220 ಓಮ್ ಸರಣಿಯಲ್ಲಿ ಹಾಕಿ ನೋಡ್ತೀನಿ. ಬೇಕಾದ್ದು 50 ಓಮಿನ 49 ಪಟ್ಟು, 2450, ಇದು ಹತ್ತಿರ ಹತ್ತಿರ. ಯಾವ ಬ್ಯಾಂಡಲ್ಲಿ ಸುತ್ತು ಸಾಲದು ಅಂತ ತಕ್ಷಣ ಗೊತ್ತಾಗುತ್ತೆ.

ಎಚ್ಚರ ಎರಡು. ಇದು ಸಿಕ್ಕಿಸಿರೋ ಆಂಟೆನಾ ಪಕ್ಕದಲ್ಲೇ ಹ್ಯಾಂಡಿ (ಕೈಲಿ ಹಿಡಿಯೋ ರೇಡಿಯೊ) ಒತ್ತಬೇಡಿ, ಒಳಗಿನ ಸೂಕ್ಷ್ಮ ಭಾಗ ತಡೆಯಲ್ಲ. ಒಣಗಾಳಿಯಲ್ಲಿ, ಗುಡುಗು ಮೋಡ ಕವಿದಾಗ ಉದ್ದ ತಂತಿಯಲ್ಲಿ ಸ್ಥಿರವಿದ್ಯುತ್ ಕೂಡುತ್ತೆ. ಕೇಬಲ್ ಸಿಕ್ಕಿಸೋ ಮುಂಚೆ ಪ್ರತಿ ಸಲ ಸ್ಕ್ರೂಡ್ರೈವರಿನಿಂದ ನಡುಪಿನ್ನನ್ನೂ ಹೊರಮೈಯನ್ನೂ ಮುಟ್ಟಿಸಿ, ಆಮೇಲೇ ಡಬ್ಬಿಗೆ. ಗುಡುಗು ಹತ್ತಿರ ಇದ್ದರೆ ಮಾಳಿಗೆಗೇ ಹೋಗಬೇಡಿ.

ರಿಗ್ ಹೊರಗೆ ಬಿಡೋ ಸಂಕೇತ ಶುದ್ಧವಾಗಿದೆಯಾ, 7.1ರ ಜೊತೆ 14.2ರಲ್ಲೂ ಏನಾದರೂ ಸೋರ್ತಿದೆಯಾ ಅನ್ನೋದನ್ನು ಇದು ತೋರಿಸಲ್ಲ. ಅದು ಟೈನಿಎಸ್‌ಎ ಅನ್ನೋ ಪುಟ್ಟ ಸ್ಪೆಕ್ಟ್ರಮ್ ಅನಲೈಜರ್ ಕೆಲಸ. ಮುಂದಿನ ಬೇಸಿಗೆ ದುಡಿಮೆ ಚೆನ್ನಾಗಿದ್ದರೆ ಅದೂ ಬರುತ್ತೆ. 300 ಮೆಗಾಹರ್ಟ್ಸ್ ದಾಟಿದ ಮೇಲೆ ನ್ಯಾನೊ ಮೂಲ ಸಂಕೇತ ಬಿಟ್ಟು ಅದರ ಹಾರ್ಮೋನಿಕ್ (ಅದರ ಪಟ್ಟುಗಳಲ್ಲಿ ಹುಟ್ಟೋ ಸಂಕೇತ) ಮೇಲೆ ಅಳೆಯುತ್ತೆ, ಹಾಗಾಗಿ 435 ಮೆಗಾಹರ್ಟ್ಸಿನ ಗೆರೆ ಸ್ವಲ್ಪ ಒರಟು. ಆಂಟೆನಾ ಕತ್ತರಿಸೋದಕ್ಕೆ ಅಡ್ಡಿಯಿಲ್ಲ.

ಈಗ ತಗೊಳ್ಳೋರಿಗೆ: ಇನ್ನೊಂದಿಷ್ಟು ದುಡ್ಡು ಹೊಂದಿಸೋಕಾದರೆ 4 ಇಂಚಿನ ಪರದೆಯ ನ್ಯಾನೊವಿಎನ್‌ಎ-ಎಚ್4 ತಗೊಳ್ಳಿ. ಬಿಸಿಲಿನ ತೊಂದರೆ ಪೂರ್ತಿ ಹೋಗಲ್ಲ, ಅಕ್ಷರವಾದರೂ ಕಾಣುತ್ತೆ, ಬಿಂದುಗಳೂ ಹೆಚ್ಚು. ತರಿಸೋ ಮುಂಚೆ ಒಳಗೆ ಬ್ಯಾಟರಿ ಇದೆಯಾ, ಹಲಗೆ ಮೇಲೆ ಲೋಹದ ಮುಚ್ಚಳ ಇದೆಯಾ ಅಂತ ಕೇಳಿ. ಕೆಲವು ನಕಲುಗಳಲ್ಲಿ ಎರಡೂ ಇರಲ್ಲ. ಜೊತೆಗೆ ಎಸ್‌ಎಂಎಯಿಂದ ಎಸ್‌ಒ-239ಕ್ಕೆ (ಪಿಎಲ್-259 ಕೂರೋ ಸಾಕೆಟ್) ಹೋಗೋ ಗಿಡ್ಡ ಕೇಬಲ್ ಒಂದು ತರಿಸಿ, ಮೊದಲ ಪೋರ್ಟಿಗೆ ಒಮ್ಮೆ ಹಾಕಿ ಅಲ್ಲೇ ಬಿಡಿ. ಬಿಚ್ಚೋದು ಹಾಕೋದು ಎಲ್ಲ ಆ ಕೇಬಲ್ಲಿನ ತುದಿಯಲ್ಲೇ ಆಗಲಿ, ಕ್ಯಾಲಿಬ್ರೇಷನ್ನೂ ಅಲ್ಲೇ.