ಮಳೆಗಾಲದ ಭೇದಿಗೆ: ಟೆಟ್ರಾ ಪ್ಯಾಕೋ, ಓಆರ್‌ಎಸ್ ಪುಡಿಯೋ, ಮನೆಯ ನೀರೋ?

ಮುಂಬೈ ಸುತ್ತಿನ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ಮನೆಗಳಲ್ಲಿ ಮಳೆ ಶುರುವಾದರೆ ಮಕ್ಕಳ ಭೇದಿ ಹೊಸದೇನಲ್ಲ. ಮೆಡಿಕಲ್‌ನಲ್ಲಿ ಕಣ್ಣಿಗೆ ಬೀಳುವುದು ಹಣ್ಣಿನ ಚಿತ್ರದ ಟೆಟ್ರಾ ಪ್ಯಾಕ್ ಪಾನೀಯ. ಬೇಡ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಹೆಚ್ಚಬಹುದು. ಇಂಥ ಪಾನೀಯಗಳ ಹೆಸರಲ್ಲಿ ‘ಓಆರ್‌ಎಸ್’ (ಭೇದಿಯಲ್ಲಿ ಕಳೆದ ನೀರು, ಲವಣ ತುಂಬಿಕೊಡುವ ದ್ರಾವಣ) ಇರಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದ್ದು ಸುಮ್ನೆ ಅಲ್ಲ.

ನನ್ನ ಓಟು ಪುಡಿಗೆ. ಡಬ್ಲ್ಯುಎಚ್‌ಒ ಸೂತ್ರದ್ದೇ ಕೇಳಿ. ಲೀಟರ್ ಪ್ಯಾಕೆಟ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ. ‘ಲೋಟಕ್ಕೊಂದು ಚಿಟಿಕೆ’ ಲೆಕ್ಕ ಇಲ್ಲಿ ನಡೆಯಲ್ಲ. ಇಡೀ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಕಲಸಿ, 24 ಗಂಟೆ ದಾಟಿದರೆ ಚೆಲ್ಲಿ.

ರಾತ್ರಿ ಅಂಗಡಿ ಮುಚ್ಚಿದ್ದರೆ? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗದಂತೆ ಸಮ ಮಾಡಿಕೊಳ್ಳಿ. ಪೊಟ್ಯಾಸಿಯಂ ಇರಲ್ಲ, ಪುಡಿ ಸಿಗುವ ತನಕ ಅಷ್ಟೇ. ಮಲದಲ್ಲಿ ರಕ್ತ ಕಂಡರೆ, ಉಚ್ಚೆ ಕಮ್ಮಿಯಾದರೆ ಮಾತ್ರ ಮೂರರಲ್ಲಿ ಯಾವುದನ್ನೂ ನಂಬಿ ಕೂರದೆ ಡಾಕ್ಟರ್ ಹತ್ತಿರ ಹೋಗಿ.